ಅಳಿಯನ ಗಣಿ

ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವ ಅಳಿಯ, ನನ್ನ ಅಕ್ಕನ ಮಗ, ರಜೆಗೆ ಬೆಳ್ತಂಗಡಿಯ ಮನೆಗೆ ಬಂದವನೇ ಕ್ರಿಪ್ಟೋ ಗಣಿ ತೋಡುತ್ತೇನೆಂದು ಹೊರಟ. ಬಿಟ್‌ಕಾಯಿನ್‌ಗೆ ಮನೆಯ ಕಂಪ್ಯೂಟರ್ ಸಾಲದು, ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಇಥೀರಿಯಂ 2022ರ ಸೆಪ್ಟೆಂಬರಿನಲ್ಲೇ ಗಣಿಗಾರಿಕೆ ನಿಲ್ಲಿಸಿತು. ಉಳಿದದ್ದು ಮೊನೆರೋ, ಅದರ ಲೆಕ್ಕವನ್ನು 2019ರಲ್ಲಿ ಸಾಮಾನ್ಯ ಪ್ರೊಸೆಸರಿಗೆ ಒಗ್ಗುವಂತೆ ಬದಲಿಸಿದ್ದಾರೆ. ಬಳ್ಳಾರಿಯಂಥ ಬಳ್ಳಾರಿ ಇರುವ ರಾಜ್ಯದಲ್ಲಿ ಧೂಳೇ ಏಳದ ಗಣಿ!

ಪ್ರಶ್ನೆ ಇದ್ದದ್ದು ಓಎಸ್‌ನದ್ದು. ವಿಂಡೋಸೋ, ಲಿನಕ್ಸೋ?

ಬಂಟ್ವಾಳ ಪೇಟೆಯ ಕಂಪ್ಯೂಟರ್ ರಿಪೇರಿಯವರದ್ದು ವಿಂಡೋಸ್ ಪಕ್ಷ. "ಲಿನಕ್ಸ್ ಎಂತಕ್ಕೆ ಮಾರಾಯ್ರೇ? ನುಡಿ, ಟ್ಯಾಲಿ ಎಲ್ಲ ಓಡುವುದು ಇದರಲ್ಲೇ." ಗಣಿಗೆ ಟ್ಯಾಲಿ ಯಾಕೆಂದು ನಾನು ಕೇಳಲಿಲ್ಲ. ಅಳಿಯನ ತಕರಾರು ಬೇರೆ. ಗಣಿಯ ಸಾಫ್ಟ್‌ವೇರ್ ಇಳಿಸಿದರೆ ವಿಂಡೋಸಿನ ಡಿಫೆಂಡರ್ ಅದನ್ನು ಕಳ್ಳನೆಂದು ಹಿಡಿದು ಒಳಗೆ ಹಾಕುತ್ತದೆ. ಡಿಫೆಂಡರನ್ನು ಬೈಯುವಂತಿಲ್ಲ, ಕಂಡವರ ಕಂಪ್ಯೂಟರಿಗೆ ನುಗ್ಗಿ ನಾಣ್ಯ ತೋಡುವವರು ಬಳಸುವುದೂ ಅದೇ ಸಾಫ್ಟ್‌ವೇರು. ಮೇಲಿಂದ ಅಪ್‌ಡೇಟ್ ಬಂತೆಂದರೆ ನಡುರಾತ್ರಿ ತಾನೇ ಆರಿ ತಾನೇ ಹೊತ್ತಿಕೊಳ್ಳುತ್ತದೆ. ಲಿನಕ್ಸ್ ಪುಕ್ಕಟೆ, ಹಗುರ. ಮೆಮೊರಿಯನ್ನು 4 ಕಿಲೋಬೈಟಿನ ಚೂರುಗಳ ಬದಲು 2 ಮೆಗಾಬೈಟಿನ ತುಂಡುಗಳಾಗಿ ಕೊಡು ಎಂದು ಒಂದು ಸಾಲು ಟೈಪಿಸಿದರೆ ಮೊನೆರೋ ಲೆಕ್ಕ ಚುರುಕಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದಾಗ ಮಾತ್ರ ಎರಡೂ ಓಎಸ್‌ಗಳು ಸರಿಸಮಾನ.

ಭಾವ ಅಡಿಕೆ ಕೃಷಿಕರು. ಎಲ್ಲ ಕೇಳಿಸಿಕೊಂಡು, "ಕರೆಂಟ್ ಎಷ್ಟು ಎಳೀತದೆ?" ಎಂದರು.

150 ವ್ಯಾಟ್. ದಿನವಿಡೀ ಓಡಿದರೆ 3.6 ಯೂನಿಟ್, ತಿಂಗಳಿಗೆ 108. ಮನೆಯ ಖರ್ಚು ಹೇಗೂ 100 ಉಂಟು. ಒಟ್ಟು 208! ಇನ್ನೂರು ದಾಟಿದರೆ ಉಚಿತ ಕರೆಂಟಿನ ಗೃಹಜ್ಯೋತಿ ನಂದುತ್ತದೆ, ಪೂರ್ತಿ ಬಿಲ್ಲು ಕಟ್ಟಬೇಕು.

"ಅಪ್ಪಾ, ತೋಟದ ಪಂಪ್‌ಶೆಡ್ಡಿನಲ್ಲಿಟ್ಟರೆ? 10 ಎಚ್‌ಪಿವರೆಗೆ ಫ್ರೀ ಅಲ್ವಾ?"

"ಮೆಸ್ಕಾಂನವರು ಬಂದು ಪಂಪಿನಲ್ಲಿ ಬರುವುದು ನೀರಾ ನಾಣ್ಯವಾ ಅಂತ ಕೇಳಿದರೆ ನೀನು ಹೇಳ್ತೀಯಾ?"

ಗಣಿಯ ಪರ ನಿಂತವಳು ಅಕ್ಕ ಒಬ್ಬಳೇ. ಹಗಲೂ ರಾತ್ರಿ ಓಡುವ ಪ್ರೊಸೆಸರಿನ ಹಿಂದಿನಿಂದ ಬಿಸಿಗಾಳಿ ಬರುತ್ತದೆಂದು ಅವಳಿಗೆ ಹೇಗೋ ಗೊತ್ತಾಗಿತ್ತು. ಮಳೆಯ ಆಟಿ ತಿಂಗಳು, ಒಗೆದ ಬಟ್ಟೆ ವಾರವಾದರೂ ಒಣಗಿರಲಿಲ್ಲ. "ವಿಂಡೋಸಾದರೂ ಆಗಲಿ ಮತ್ತೊಂದಾದರೂ ಆಗಲಿ, ಯಾವುದರಲ್ಲಿ ಹೆಚ್ಚು ಬಿಸಿಯಾಗ್ತದೋ ಅದನ್ನೇ ಹಾಕು ಮಗಾ" ಎಂದಳು. ಓಎಸ್ ಆರಿಸಲು ಇಷ್ಟು ಸ್ಪಷ್ಟವಾದ ಮಾನದಂಡವನ್ನು ಯಾವ ತಜ್ಞರ ಬಾಯಲ್ಲೂ ನಾನು ಕೇಳಿಲ್ಲ.

ನನ್ನ ಮತ ಲಿನಕ್ಸಿಗೆ. ಆದರೆ ತೋಡಹೊರಟವರು ಇನ್ನೊಂದು ತಿಳಿದಿರಲಿ: 2022ರ ಏಪ್ರಿಲಿನಿಂದ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ, ಮತ್ತು ಗಣಿಗೆ ಸುರಿದ ಕರೆಂಟಿನ ದುಡ್ಡನ್ನು ಅದರಲ್ಲಿ ಕಳೆಯುವಂತಿಲ್ಲ.