ಕುದುರೆಯ ಬೆನ್ನು, ಯಜಮಾನನ ನೋವು

ಹಾಸನ ಜಿಲ್ಲೆಯಲ್ಲಿ ಕಣ್ತುಂಬ ಕುದುರೆ ನೋಡಬೇಕೆಂದರೆ ಹಳೇಬೀಡಿಗೇ ಹೋಗಬೇಕು. ಹೊಯ್ಸಳೇಶ್ವರನ ಗೋಡೆಯ ಮೇಲೆ ಆನೆ, ಸಿಂಹಗಳ ಸಾಲು ದಾಟಿದರೆ ಕುದುರೆ ಸವಾರರ ಸಾಲು ಸಿಗುತ್ತದೆ. ಸುಮಾರು 900 ವರ್ಷಗಳಿಂದ ಸವಾರನನ್ನು ಇಳಿಸದೆ ನಿಂತಿವೆ, ಪಾಪ. ಬೆನ್ನಿಗೊಂದು ತೊಟ್ಟು ಎಣ್ಣೆ ಸವರಿದವರಿಲ್ಲ. ಅದು ಬಿಟ್ಟರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಸುತ್ತಿದರೂ ಮದುವೆ ಮೆರವಣಿಗೆಗೆ ಬಾಡಿಗೆಗೆ ಬಂದ ಬಿಳಿ ಕುದುರೆಯೊಂದು ಕಂಡರೆ ನಮ್ಮ ಪುಣ್ಯ. ಜಟಕಾ ಹೋಯಿತು, ಕುದುರೆ ಹೋಯಿತು, ಅದರ ಪಾಲಿನ ಹುರುಳಿ ಉಳಿಯಿತು. ಕಟ್ಟಿನ ಸಾರು ಮಾಡಿಕೊಂಡು ನಾವೇ ಉಣ್ಣುತ್ತಿದ್ದೇವೆ.

ಇಂಥ ಊರಿನವನಾದ ನನಗೆ ಬೆಂಗಳೂರಿನ ಭಾಮೈದ ಒಂದು ಸುದ್ದಿ ತಂದ. ಅವನ ಮಗಳು ಸವಾರಿ ಕಲಿಯುವ ಕಡೆ ಒಂದು ಕುದುರೆಗೆ ಬೆನ್ನು ಹಿಡಿದುಕೊಂಡಿದೆಯಂತೆ. ಮಾಲೀಶು ಮಾಡುವುದಕ್ಕೆ ಒಬ್ಬರು, ಮೈ ಮುಟ್ಟದೆ ಅಂಗೈಯಿಂದಲೇ ಶಕ್ತಿ ಹರಿಸುವುದಕ್ಕೆ ಇನ್ನೊಬ್ಬರು ಬರುತ್ತಾರಂತೆ. ಫೀಸು ಎರಡನೆಯವರಿಗೇ ಜಾಸ್ತಿ.

“ಮುಟ್ಟಿ ದುಡಿದವರಿಗಿಂತ ಮುಟ್ಟದವರಿಗೆ ಯಾಕಯ್ಯ ಜಾಸ್ತಿ?”

“ಭಾವ, ಅದು ಎನರ್ಜಿ!”

ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟುವವನು ನಾನು. ಎನರ್ಜಿಗೆ ದುಡ್ಡು ಜಾಸ್ತಿ ಎಂದರೆ ಮರುಮಾತಾಡುವುದಿಲ್ಲ.

ಮಾಲೀಶಿನ ಬಗ್ಗೆ ನನಗೆ ತಕರಾರೇ ಇಲ್ಲ. ಅದು ಭಗವಂತನೇ ಮಾಡಿದ ಕೆಲಸ. ದ್ರೋಣಪರ್ವದಲ್ಲಿ ಹೊತ್ತು ಮುಳುಗುವುದರೊಳಗೆ ಜಯದ್ರಥನನ್ನು ಮುಗಿಸಬೇಕು. ನಡುದಾರಿಯಲ್ಲಿ ಕುದುರೆಗಳು ಸೋತು ನಿಂತವು. ಅರ್ಜುನ ಬಾಣ ಹೊಡೆದು ಕೊಳ ಚಿಮ್ಮಿಸಿದ, ಬಾಣಗಳಿಂದಲೇ ಲಾಯ ಕಟ್ಟಿದ. ಕೃಷ್ಣ ನೊಗ ಬಿಚ್ಚಿ, ಮೈಗೆ ನೆಟ್ಟ ಅಂಬುಗಳನ್ನು ಕಿತ್ತು, ಕೈಯಾರೆ ತಿಕ್ಕಿ, ನೀರು ಕುಡಿಸಿ, ಮತ್ತೆ ರಥಕ್ಕೆ ಹೂಡಿದ. ಅರ್ಜುನನ ಸುಸ್ತು ಬಿಡಿಸಲು ಹದಿನೆಂಟು ಅಧ್ಯಾಯ ಬೇಕಾಗಿತ್ತು. ಕುದುರೆಗಳಿಗೆ ಒಂದು ಸಲ ಮೈ ತಿಕ್ಕಿದ್ದೇ ಸಾಕಾಯಿತು.

ಪುರಾಣ ಬೇಡ ಎನ್ನುವವರಿಗೆ ಶಾಸ್ತ್ರವೂ ಇದೆ. 1400ರ ಸುಮಾರಿಗೆ ಅಭಿನವಚಂದ್ರ ಕನ್ನಡದಲ್ಲೇ ಕುದುರೆ ವೈದ್ಯ ಬರೆದಿಟ್ಟ. ಅವನಿಗೂ ಎರಡು ಮೂರು ಶತಮಾನ ಮೊದಲು ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ ಬರೆದಿದ್ದ. ವಿರಾಟನ ಮನೆಯಲ್ಲಿ ನಕುಲ ಕುದುರೆಗೂ ಸಹದೇವ ದನಕ್ಕೂ ನಿಂತಂತೆ, ನಮ್ಮಲ್ಲಿ ಇಬ್ಬರು ಎರಡು ಕೊಟ್ಟಿಗೆ ಹಂಚಿಕೊಂಡರು. ಆಮೇಲೆ ನಮ್ಮ ಸೀಮೆಯಲ್ಲಿ ನಕುಲನ ಕೊಟ್ಟಿಗೆ ಖಾಲಿಯಾಗಿ ಎಲ್ಲವೂ ಸಹದೇವನಿಗೆ ವರ್ಗವಾಯಿತು.

ವರ್ಗವಾದದ್ದನ್ನು ನೋಡಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋಗಬೇಕು. ಹಳ್ಳಿಕಾರ್ ಜೋಡಿಗಳು ವಾಲಗ ಊದಿಸಿಕೊಂಡು ಬರುತ್ತವೆ. ಅವಕ್ಕೆ ಪೆಂಡಾಲು, ನೆರಳು, ಮೆತ್ತನೆ ಹುಲ್ಲುಹಾಸು. ಯಜಮಾನನಿಗೆ ಪಕ್ಕದಲ್ಲಿ ಒಂದು ಗೋಣಿತಾಟು. ಅಲ್ಲೊಬ್ಬರು ಗೌಡರು ತಮ್ಮ ಎತ್ತಿನ ಗಂಗೆದೊಗಲು ನೀವುತ್ತ ಕುಳಿತಿದ್ದರು. ಎತ್ತು ಕತ್ತು ನೀಳವಾಗಿ ಚಾಚಿ, ಅರೆಗಣ್ಣು ಮುಚ್ಚಿ, ತುಟಿ ಇಳಿಬಿಟ್ಟು, ಸಂಗೀತ ಕಛೇರಿಯ ಮುಂದಿನ ಸಾಲಿನ ರಸಿಕನಂತೆ ನಿಂತಿತ್ತು. ಬೆಂಗಳೂರಿನ ಸುದ್ದಿ ಹೇಳಿದೆ.

“ಕೈಯ್ಯೇ ಇಕ್ದೆ ನೀವಿದ್ರೆ ಅದುಕ್ಕೆಂಗ್ ಗೊತ್ತಾಯ್ತದೆ ಸ್ವಾಮಿ? ಬುಡಿ ಬುಡಿ” ಎಂದು ನಕ್ಕರು.

ನಗುತ್ತಿದ್ದ ಗೌಡರ ಎತ್ತಿನ ಕೊರಳಲ್ಲಿ ದೃಷ್ಟಿಗೆಂದು ಕರಿದಾರ ಇತ್ತು. ಸಂಜೆ ಅವರೇ ಮೆಣಸಿನಕಾಯಿ, ಉಪ್ಪು ಹಿಡಿದು ಮೂರು ಸುತ್ತು ನಿವಾಳಿಸಿದರು. ಮೈಗೆ ಬೆರಳು ಸೋಕಲಿಲ್ಲ.

“ಇದುಕ್ಕೆ ಮಾತ್ರ ಹೆಂಗ್ ಗೊತ್ತಾಯ್ತದೆ ಗೌಡ್ರೇ?”

“ಅದುಕ್ಯಾಕ್ ಗೊತ್ತಾಗ್ಬೇಕು? ನಿವಾಳಿಸ್ದಿದ್ರೆ ನಂಗೆ ನಿದ್ದೆ ಬರಾಕಿಲ್ಲ.”

ಅಂಗೈಯಿಂದ ಶಕ್ತಿ ಹರಿಸುವ, ರೇಖಿ ಎಂಬ ಹೆಸರಿನಲ್ಲಿ ಜಪಾನಿನ ಮಿಕಾವೊ ಉಸುಯಿ 1922ರಲ್ಲಿ ಶುರುಮಾಡಿದ ವಿದ್ಯೆಯ ಸಾರವನ್ನು ಇಷ್ಟು ಪ್ರಾಮಾಣಿಕವಾಗಿ ಇನ್ಯಾರೂ ನನಗೆ ಹೇಳಿಲ್ಲ. ವಿಜ್ಞಾನಿಗಳೂ ಗೌಡರ ಕಡೆಗೇ ವಾಲುತ್ತಾರೆ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ಮಾಡಿದ, 1993ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಡುವ ಜಾಗ ಕತ್ತಿನ ಬುಡ, ಹೆಗಲ ಮೇಲಿನ ದಿಬ್ಬ. ಅಲ್ಲಿ ಮನುಷ್ಯ ಕೆರೆದರೂ ಅವುಗಳ ಎದೆಬಡಿತ ಇಳಿಯಿತು. ಬೇರೆ ಕಡೆ ಕೆರೆದರೆ ಇಳಿಯಲಿಲ್ಲ. ಅಂದರೆ ಕೈ ಇಕ್ಕಬೇಕು, ಇಕ್ಕುವ ಜಾಗವೂ ತಿಳಿದಿರಬೇಕು.

ಕೈ ಇಕ್ಕದೆ ಬರೀ ನಂಬಿಕೆಯ ಮೇಲೆ ನಡೆಯುವುದರ ಕಥೆ ಇನ್ನೊಂದು. 2012ರಲ್ಲಿ ಅಮೆರಿಕದಲ್ಲಿ ಸಂಧಿವಾತದಿಂದ ಕುಂಟುವ ನಾಯಿಗಳ ಲೆಕ್ಕ ಬಂತು. ಔಷಧವೇ ಇಲ್ಲದ ಹುಸಿಗುಳಿಗೆ ನುಂಗಿದ ನಾಯಿಗಳ ಕಾಲಿನ ಭಾರವನ್ನು ಯಂತ್ರದಲ್ಲಿ ಅಳೆದಿದ್ದರು. ಯಂತ್ರಕ್ಕೆ ಸುಧಾರಣೆ ಕಾಣದ ನಾಯಿಗಳಲ್ಲೂ ಅನೇಕ ಯಜಮಾನರಿಗೆ ಸುಧಾರಣೆ ಕಂಡಿತು. ಪರೀಕ್ಷಿಸಿದ ಡಾಕ್ಟರಿಗೂ ಕಂಡಿತು. ನಾಯಿ ಮಾತ್ರ ಮೊದಲಿನಂತೆಯೇ ಕುಂಟುತ್ತಿತ್ತು. ಪ್ರಾಣಿಗೆ ನಂಬಿಕೆ ಇರುವುದಿಲ್ಲ, ಇರುವುದು ದುಡ್ಡು ಕೊಟ್ಟವನಿಗೆ; ಗುಣವಾಗುವುದೂ ಅವನಿಗೇ.

ಹಾಗಾಗಿ ಭಾಮೈದನಿಗೆ ಒಂದು ಚೀಟಿ ಬರೆದುಕೊಟ್ಟಿದ್ದೇನೆ. ಕುದುರೆ ಕುಂಟಿದರೆ ಮೊದಲು ಪಶುವೈದ್ಯರಿಗೆ ತೋರಿಸುವುದು. ನಮ್ಮ ಹಾಸನದಲ್ಲೇ ಅದಕ್ಕೊಂದು ಕಾಲೇಜಿದೆ. ಜೀನು ಸರಿಯಾಗಿ ಕೂರುತ್ತದೆಯೇ, ಲಾಳ ಸವೆದಿದೆಯೇ ನೋಡುವುದು. ದಿನಾ ಹೆಗಲ ದಿಬ್ಬ ಕೆರೆಯುವುದು, ಫೋನು ಜೇಬಿನಲ್ಲಿಟ್ಟು, ಎರಡೂ ಕೈಯಿಂದ. ಶಕ್ತಿ ಹರಿಸುವವರನ್ನು ಕರೆಸುವುದಾದರೆ ಕರೆಸಲಿ, ಆದರೆ ಕುರ್ಚಿ ಹಾಕಿ ಮಗಳ ಅಪ್ಪನನ್ನು ಕೂರಿಸಿ ಅವನ ಮೇಲೆಯೇ ಹರಿಸಲಿ. ಆ ಹೊತ್ತಿನಲ್ಲಿ ಅಲುಗಾಡದೆ, ಒದೆಯದೆ, ಅವನ ಚಿಂತೆಯನ್ನೆಲ್ಲ ತಾಳಿಕೊಂಡು ನಿಲ್ಲುವುದು ಕುದುರೆಯಾದ್ದರಿಂದ, ಫೀಸನ್ನು ಹುರುಳಿಯ ರೂಪದಲ್ಲಿ ಅದಕ್ಕೇ ಪಾವತಿಸತಕ್ಕದ್ದು.