ಬೊಮ್ಮನ ಯಜಮಾನನೂ ಅಡಿಕೆ ಧಾರಣೆಯೂ

ಯೆಹೂದ್ಯರ ಇತಿಹಾಸ, ಧರ್ಮ, ಸಂಸ್ಕೃತಿ ಮೂರರ ಮೇಲೂ ಗಂಟೆಗಟ್ಟಲೆ ಮಾತಾಡಬಲ್ಲೆ ಎಂದು ಮದುವೆ ಊಟದ ಪಂಕ್ತಿಯಲ್ಲಿ ಕೊಚ್ಚಿಕೊಂಡಿದ್ದೆ. ಪಕ್ಕದೆಲೆಯವರು ಜಗಳೂರು ತಾಲ್ಲೂಕಿನ ಸೊಕ್ಕೆಯವರು. "ಹಂಗಾರೆ ನಮ್ಮೂರಾಗೊಂದು ಭಾಷಣ ಮಾಡ್ರಿ ಸಾರ್" ಎಂದರು. ಬಾಯಲ್ಲಿ ಪಾಯಸವಿತ್ತು. ಬೇಡವೆನ್ನಲು ಆಗಲಿಲ್ಲ.

ಹೋಗಿ ನೋಡಿದರೆ ಸಮುದಾಯ ಭವನ ಭರ್ತಿ! ಬಾಗಿಲಾಚೆಗೂ ಜನ. ನನ್ನ ಕೀರ್ತಿ ಇಷ್ಟು ದೂರ ಹಬ್ಬಿದೆಯಲ್ಲ ಎಂದು ಎದೆಯುಬ್ಬಿತು. ಬ್ಯಾನರ್ ಓದಿದ ಮೇಲೆ ಇಳಿಯಿತು: 'ಇಸ್ರೇಲ್ ತಜ್ಞರಿಂದ ರೈತರಿಗೆ ಮಾಹಿತಿ'. ಜಗಳೂರು ಬರಕ್ಕೆ ಹೆಸರಾದ ಸೀಮೆ. 57 ಕೆರೆ ತುಂಬಿಸುವ ಯೋಜನೆಯ ಮಾತಾಡದ ಕಟ್ಟೆಯಿಲ್ಲ. ಅಂಥ ಕಡೆ ಇಸ್ರೇಲ್ ಎಂದರೆ ಮೋಶೆಯೂ ಅಲ್ಲ, ಜೆರುಸಲೇಮೂ ಅಲ್ಲ, ಹನಿ ನೀರಾವರಿ. ಮುಂದಿನ ಸಾಲಿನ ಹಿರಿಯರೊಬ್ಬರು ಒಂದು ಮೊಳ ಲ್ಯಾಟರಲ್ ಪೈಪನ್ನೇ ಕೊಯ್ದು ತಂದು ತೊಡೆಯ ಮೇಲಿಟ್ಟುಕೊಂಡಿದ್ದರು. ಅದರ ತೂತು ಉಪ್ಪು ಕಟ್ಟಿ ಬೆಳ್ಳಗಾಗಿತ್ತು.

ಸಿಂಹಾ ಬ್ಲಾಸ್ ಎಂಬ ಎಂಜಿನಿಯರ್, 1965ರಲ್ಲಿ ಹಟ್ಜೆರಿಂ ಎಂಬ ಊರಿನ ಒಕ್ಕಲುಗಳೆಲ್ಲ ಕೂಡಿ ಕಟ್ಟಿದ ಡ್ರಿಪ್ ಕಂಪನಿ: ನನ್ನ ಹನಿ ನೀರಾವರಿ ಜ್ಞಾನ ಒಂದೇ ನಿಮಿಷಕ್ಕೆ ಬತ್ತಿತು. "ಅದೆಲ್ಲ ಸರಿ, ಇದು ಕಟ್ಟಿಕೊಂಡ್ರೆ ಏನ್ ಬಿಡಬೇಕು?" ಎಂದು ಹಿರಿಯರು ಪೈಪನ್ನು ನನ್ನ ಮೂಗಿನ ತನಕ ತಂದರು. "ಆಸಿಡ್ ಬಿಡ್ರಿ ಕಾಕಾ" ಎಂದು ಹಿಂದಿನಿಂದ ಯಾವನೋ ಪುಣ್ಯಾತ್ಮ ಕೂಗಿದ. ನಾನು ಗಂಭೀರವಾಗಿ ತಲೆಯಾಡಿಸಿದೆ.

ಕೂಡಲೇ ಧರ್ಮಕ್ಕೆ ಹಾರಿದೆ. ಸಬ್ಬತ್ತು ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವ ತನಕ. ಆಗ ಬೆಂಕಿ ಹೊತ್ತಿಸುವಂತಿಲ್ಲ, ದುಡಿಯುವಂತಿಲ್ಲ. ಕೊಂಕಣದ ಬೆನೆ ಇಸ್ರೇಲಿಗಳು ಎಣ್ಣೆ ತೆಗೆಯುವವರಾಗಿದ್ದು ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಜನ ಅವರನ್ನು 'ಶನಿವಾರ ತೇಲಿ' ಎನ್ನುತ್ತಿದ್ದರು ಎಂದೆ. "ನಮ್ ಮೋಟ್ರಿಗೆ ವಾರಪೂರ್ತಿ ಸಬ್ಬತ್ತು ಸಾರ್" ಎಂದಿತು ಸಭೆ. ಅವರ ಪಂಚಾಂಗದಲ್ಲೂ 19 ವರ್ಷಕ್ಕೆ 7 ಅಧಿಕಮಾಸ ಬರುತ್ತವೆ ಎಂದಾಗ ಹೆಂಗಸರ ಕಡೆಯಿಂದ ಪ್ರಶ್ನೆ: "ಅಳಿಯಂಗೆ ಏನ್ ಕೊಡ್ತಾರಂತೆ?"

ಕೊನೆಯ ಬ್ರಹ್ಮಾಸ್ತ್ರವಾಗಿ ಅಬ್ರಹಾಂ ಬೆನ್ ಯಿಜುವನ್ನು ತೆಗೆದೆ. ಟ್ಯುನಿಷಿಯಾ ಮೂಲದ ಯೆಹೂದಿ ವ್ಯಾಪಾರಿ. 12ನೇ ಶತಮಾನದಲ್ಲಿ, ನಮ್ಮ ಬಸವಣ್ಣನವರ ಕಾಲದಲ್ಲೇ, ಮಂಗಳೂರಲ್ಲಿ ಹದಿನೇಳು ವರ್ಷದಷ್ಟು ಕಾಲ ನೆಲೆಸಿ ಹಿತ್ತಾಳೆ ಕಾರ್ಖಾನೆ ನಡೆಸಿದವನು. ಅವನ ಕಾಗದಪತ್ರ ಸಿಕ್ಕಿದ್ದು ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂದು ಅವರು ಒಂದು ಕೋಣೆಗೆ ತುಂಬಿಡುತ್ತಿದ್ದರು. 1897ರ ಹೊತ್ತಿಗೆ ಅದರ ಬಹುಪಾಲು ಕೇಂಬ್ರಿಜ್ ಸೇರಿತು. "ನಮ್ಮ ಅಟ್ಟದಾಗ ಸೊಸೈಟಿ ಸಾಲದ ನೋಟೀಸು ಭಾಳ ಐದಾವೆ, ಅವನ್ನೂ ಒಯ್ತಾರೇನ್ರಿ?" ಎಂದರೊಬ್ಬರು. ನಗು ನಿಲ್ಲಲು ಕಾದು ಮುಂದುವರಿಸಿದೆ. ಬೆನ್ ಯಿಜುವಿನ ಆಳು, ನಂಬಿಕೆಯ ವ್ಯವಹಾರಸ್ಥನೂ ಹೌದು, ಬೊಮ್ಮ. ಏಡನ್‌ಗೆ ಹೋದಾಗ ಕುಡಿದು ಯಜಮಾನನ ಲೆಕ್ಕದಲ್ಲಿ ದುಡ್ಡೆತ್ತಿದ. ಅಮಿತಾವ್ ಘೋಷ್ 1992ರಲ್ಲಿ ಅವನ ಬೆನ್ನು ಹತ್ತಿ ಪುಸ್ತಕವನ್ನೇ ಬರೆದರು. ಬೊಮ್ಮಣ್ಣ, ಬೊಮ್ಮಯ್ಯಂದಿರಿಗೆ ಬರವಿಲ್ಲದ ಸೀಮೆ ಅದು. ಸಭೆಯಲ್ಲಿದ್ದ ಬೊಮ್ಮಣ್ಣಂದಿರೆಲ್ಲ ಎದ್ದು ಕೈ ಮುಗಿದರು, ಚಪ್ಪಾಳೆ ಬಿತ್ತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಚಪ್ಪಾಳೆಯ ಆಸೆಗೆ, ಬೆನ್ ಯಿಜು ಏಡನ್‌ಗೆ ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ ಎಂದುಬಿಟ್ಟೆ. ಬೋರ್‌ವೆಲ್ ನಂಬಿ ಅಡಿಕೆ ಹಾಕಿದವರೆಲ್ಲ ನೆಟ್ಟಗಾದರು. "ಕ್ವಿಂಟಾಲಿಗೆ ಏನ್ ರೇಟ್ ಕೊಟ್ಟ? ರಾಶಿನೋ, ಚಾಲಿನೋ? ದುಡ್ಡು ಅಂದೇ ಕೊಡ್ತಿದ್ನಾ, ಉದ್ರಿನಾ?" ಕಾಗದ, ಸಕ್ಕರೆ, ದ್ರಾಕ್ಷಿ ಬರುತ್ತಿತ್ತು ಎಂದೆ. "ಅಡಿಕಿಗೆ ದ್ರಾಕ್ಷಿ ಕೊಟ್ಟನಾ? ಮೋಸ!" ಎಂದು ಇಡೀ ಸಭೆ ನನ್ನನ್ನೇ ಆ ದಲ್ಲಾಳಿಯಂತೆ ದಿಟ್ಟಿಸಿತು. ಸಂಘಟಕರು ವಂದನಾರ್ಪಣೆಗೆ ಮೈಕ್ ಕಿತ್ತುಕೊಂಡರು.

ಸೊಕ್ಕೆಯಿಂದ ಈಗಲೂ ಫೋನ್ ಬರುತ್ತದೆ. 1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟ. ಅದಕ್ಕೂ ಮೊದಲಿನ ಅಡಿಕೆ ಧಾರಣೆ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ, ದಯವಿಟ್ಟು ನನಗೆ ಬರೆಯಿರಿ. ರಾಶಿ, ಚಾಲಿ ಬೇರೆಬೇರೆಯಾಗಿ ಬರೆದರೆ ಇನ್ನೂ ಉಪಕಾರ.