ಹರದನಹಳ್ಳಿಯ ಕೂಟದಣ್ಣ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಇದ್ದಷ್ಟು ಕಾಲ ಅವನು ಯಾವ ಹಬ್ಬಕ್ಕೂ ಒಂದು ಮಾವಿನೆಲೆ ತೋರಣ ಕಟ್ಟಿದವನಲ್ಲ. ಆಗಸ್ಟ್ ಹದಿನೈದರಂದು ಶಾಲೆಯಲ್ಲಿ ಬಾವುಟ ಏರುವಾಗ ಅವನ ಕಣ್ಣು ಬಾವುಟದ ಮೇಲಿರುತ್ತಿರಲಿಲ್ಲ, ಮೇಷ್ಟ್ರ ಮೇಜಿನ ಮೇಲಿದ್ದ ಪೆಪ್ಪರ್‌ಮೆಂಟ್ ಡಬ್ಬದ ಮೇಲಿರುತ್ತಿತ್ತು. ನವೆಂಬರ್ ಒಂದು ಅಂದರೆ ರಜಾ, ರಜಾ ಅಂದರೆ ಗೋಲಿ. ಅಂಥವನಿಗೆ ಎಂಜಿನಿಯರಿಂಗ್ ಓದಿಸಿ, ವೀಸಾ ಹಾಕಿಸಿ, ಅಮೆರಿಕದ ವಿಮಾನ ಹತ್ತಿಸಿ ನೋಡಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನು ಕನ್ನಡ ಕೂಟದ ಕಾರ್ಯದರ್ಶಿ! ಹೆಗಲ ಮೇಲೆ ಹಳದಿ-ಕೆಂಪು ಶಾಲು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಎಕ್ಸ್‌ಟೆನ್ಷನ್ ವೈರು. ಈ ಜಾತಿಯ ಮನುಷ್ಯನಿಗೆ ನಾನಿಟ್ಟಿರುವ ಹೆಸರು ಕೂಟದಣ್ಣ. ನ್ಯೂಜೆರ್ಸಿಯಲ್ಲೂ ಇದ್ದಾನೆ, ಟೆಕ್ಸಾಸ್‌ನಲ್ಲೂ ಇದ್ದಾನೆ, ದುಬೈಗೆ ಹೋದರೆ ಅಲ್ಲೂ ಬಾಗಿಲಲ್ಲೇ ಸಿಗುತ್ತಾನೆ.

ಅವನನ್ನು ಗುರುತಿಸುವುದು ಸುಲಭ. ಯಾವ ಊರು ಅಂತ ಕೇಳಿ. ‘ಹರದನಹಳ್ಳಿ’ ಅನ್ನುತ್ತಾನೆ, ಅಂದು ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ‘ಓಹೋ, ದೇವೇಗೌಡರ ಊರು!’ ಅಂತ ನೀವು ಅನ್ನಲೇಬೇಕು, ಅದಕ್ಕಾಗಿಯೇ ಆ ಮೌನ. ನೀವು ಅಂದ ತಕ್ಷಣ, ‘ಅವರ ಮನೆ ಪಕ್ಕದ್ದೇ ನಮ್ಮನೆ’ ಅನ್ನುತ್ತಾನೆ. 1996ರ ಜೂನ್‌ನಲ್ಲಿ ಗೌಡರು ಪ್ರಧಾನಿಯಾದಾಗಿನಿಂದ ಹೊರದೇಶದಲ್ಲಿರುವ ಹರದನಹಳ್ಳಿಯವರಲ್ಲಿ ದೂರದ ಮನೆಯವರು ಒಬ್ಬರೂ ಉಳಿದಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಆ ಪಕ್ಕದ ಮನೆಗಳೇ ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಮುಟ್ಟುತ್ತವೆ.

ಆಗಸ್ಟ್‌ನಲ್ಲೇ ಅವನಿಗೆ ರಾಜ್ಯೋತ್ಸವದ ಜ್ವರ ಹಿಡಿಯುತ್ತದೆ. ಮೊದಲ ಸಂಕಟ ದಿನಾಂಕದ್ದು. ನವೆಂಬರ್ ಒಂದು ಶನಿವಾರವೇ ಬರಬೇಕೆಂದು ಏಕೀಕರಣ ಮಾಡಿದ ಹಿರಿಯರು ಯೋಚಿಸಿರಲಿಲ್ಲ. ಹಿಂದಿನ ದಿನ ಹ್ಯಾಲೋವೀನ್, ಮಕ್ಕಳು ಭೂತದ ವೇಷದಲ್ಲಿ ಚಾಕೊಲೇಟ್ ಎತ್ತಲು ಹೋಗಬೇಕು. ಅದರ ಆಚೀಚೆ ದೀಪಾವಳಿ. ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಮಧ್ಯದಲ್ಲಿ ಉಳಿದ ಶನಿವಾರಕ್ಕೆ ಶಾಲೆಯ ಹಾಲ್ ಕೇಳಿದರೆ ಅಲ್ಲಿ ಬ್ಯಾಸ್ಕೆಟ್‌ಬಾಲ್. ಹೀಗಾಗಿ 1956ರಲ್ಲಿ ಒಂದೇ ದಿನ ಹುಟ್ಟಿದ ರಾಜ್ಯ ಅಮೆರಿಕದಲ್ಲಿ ಆರು ವಾರ ಹುಟ್ಟುತ್ತಲೇ ಇರುತ್ತದೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರಲ್ಲೇ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕನ್ನಡ ಕೂಟ ಶುರುವಾಯಿತು. ಅಂದರೆ ಅಲ್ಲಿ ಹಾಲ್ ಹುಡುಕುವ ಪರಂಪರೆಗೆ ಈಗ ಅರ್ಧ ಶತಮಾನ ದಾಟಿದೆ. ಅಕಸ್ಮಾತ್ ನವೆಂಬರ್‌ನ ಮೊದಲ ಭಾನುವಾರವೇ ಹಾಲ್ ಸಿಕ್ಕಿತೆನ್ನಿ. ಆ ನಸುಕಿನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಗೋಡೆ ಗಡಿಯಾರ ನಂಬಿ, ರೂಢಿಯಂತೆ ಒಂದು ಗಂಟೆ ತಡಮಾಡಿ ಬಂದ ಕನ್ನಡಿಗರು ವರ್ಷದಲ್ಲಿ ಅದೊಂದು ದಿನ ಸರಿಯಾದ ಹೊತ್ತಿಗೆ ಬಂದಿರುತ್ತಾರೆ. ಆಗ ಕೂಟದಣ್ಣನೇ ಇನ್ನೂ ಬಂದಿರುವುದಿಲ್ಲ.

ದಿನಾಂಕ ಮುಗಿದರೆ ಊಟ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕೂಟದಣ್ಣನ ಆಸೆ ಒಂದೇ: ಅವರೆಕಾಳು ಸಾರು, ಮುದ್ದೆ. ವಾಟ್ಸಾಪ್‌ನಲ್ಲಿ ಇಷ್ಟು ಹಾಕಿದ್ದೇ ತಡ, ಧಾರವಾಡದವರು ಜೋಳದ ರೊಟ್ಟಿ ಎಲ್ಲಿ ಅನ್ನುತ್ತಾರೆ, ಮಂಗಳೂರಿನವರು ನೀರುದೋಸೆ ಎಂದಾದರೂ ಮಾಡಿದ್ದೀರಾ ಅನ್ನುತ್ತಾರೆ, ಕೊಡಗಿನವರು ಏನೂ ಅನ್ನದೆ ಗುಂಪಿನಿಂದ ಹೊರಗೆ ಹೋಗುತ್ತಾರೆ. ಮುಂಬೈ, ಹೈದರಾಬಾದ್, ಮದರಾಸು, ಕೊಡಗು, ಮೈಸೂರು ಅಂತ ಹಂಚಿಹೋಗಿದ್ದ ನಾಡು 1956ರಲ್ಲಿ ಒಂದಾದದ್ದು ಹೇಗೆಂದು ಈಗ ನನಗೆ ಅರ್ಥವಾಗಿದೆ. ಯಾರೂ ಊಟದ ಮೆನು ಕೇಳಿರಲಿಲ್ಲ. ಕೊನೆಗೆ ತೀರ್ಮಾನ ಬಿಸಿಬೇಳೆಬಾತ್ ಮೇಲೆ ಆಗುತ್ತದೆ, ಜೊತೆಗೆ ‘ಮಕ್ಕಳಿಗೋಸ್ಕರ’ ಪನೀರ್ ಬಟರ್ ಮಸಾಲ. ಆ ಪನೀರಿನ ಮುಂದೆ ಮೊದಲು ತಟ್ಟೆ ಹಿಡಿದು ನಿಲ್ಲುವ ಮಕ್ಕಳಿಗೆ ಸುಮಾರು ಐವತ್ತು ವಯಸ್ಸಾಗಿರುತ್ತದೆ. ಮುದ್ದೆಯ ಹಟ ಬಿಡದ ಕೂಟದಣ್ಣ ಮನೆಯಲ್ಲೇ ತೊಳಸಿ, ಡಬ್ಬಕ್ಕೆ ತುಂಬಿ, ನಲವತ್ತು ಮೈಲಿ ಕಾರಿನಲ್ಲಿ ತರುತ್ತಾನೆ. ಮುದ್ದೆ ಒಲೆಯಿಂದ ನೇರವಾಗಿ ತಟ್ಟೆಗೆ ಬರಬೇಕಾದ್ದು. ಅಷ್ಟು ದೂರ ಪ್ರಯಾಣ ಮಾಡಿದ್ದನ್ನು ಒನಕೆ ಓಬವ್ವನ ಕೈಗೆ ಕೊಡಬಹುದು, ಊಟಕ್ಕಾಗದು.

ಓಬವ್ವ ಅಂದರೆ ಒಬ್ಬಳಲ್ಲ. ಛದ್ಮವೇಷದಲ್ಲಿ ಓಬವ್ವರೇ ನಾಲ್ಕು ಜನ, ಕಿತ್ತೂರು ಚೆನ್ನಮ್ಮಂದಿರು ಮೂವರು. ಶಾಲೆಯೊಳಗೆ ಆಯುಧ ತರಬಾರದೆಂಬ ನಿಯಮವಿರುವುದರಿಂದ ಒನಕೆ ಗಿಫ್ಟ್ ಪೇಪರಿನ ರಟ್ಟಿನ ಕೊಳವೆ. ಚೆನ್ನಮ್ಮನ ಕತ್ತಿ ರಿಹರ್ಸಲ್‌ನಲ್ಲೇ ಎರಡು ಮಡಿಕೆಯಾಗಿರುತ್ತದೆ. ಹುಡುಗಿಯೊಬ್ಬಳು ಕಪ್ಪ ಕೊಡುವುದಿಲ್ಲ ಎಂದು ಅಬ್ಬರಿಸಬೇಕಾದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಚೀಟಿ ನೋಡಿ ಓದುತ್ತಾಳೆ. ಯಾರೋ ಕನ್ನಡ ಪಂಡಿತರು ಗೊಣಗಿದರೆ ಕೂಟದಣ್ಣ ಬಿಡುವುದಿಲ್ಲ. ‘ಏನ್ ಸ್ವಾಮಿ, 96ರಲ್ಲಿ ನಮ್ ಗೌಡ್ರು ಕೆಂಪುಕೋಟೆ ಮೇಲೆ ನಿಂತ್ಕಂಡು ಹಿಂದಿ ಭಾಷಣ ಓದಿದ್ದು ಯಾವ್ ಅಕ್ಷರದಾಗೆ? ಕನ್ನಡದಾಗೆ ಬರ್ಕಂಡು! ದೇಶವೇ ಚಪ್ಪಾಳೆ ಹೊಡೀತು. ಈ ಮಗೀಗೂ ಹೊಡೀರಿ.’ ಪಂಡಿತರೂ ಹೊಡೆಯುತ್ತಾರೆ. ನನ್ನ ಪ್ರಕಾರ ಅವನು ವರ್ಷಕ್ಕೊಮ್ಮೆ ಆಡುವ ಬುದ್ಧಿವಂತಿಕೆಯ ಮಾತು ಇದೇ.

ಸಭೆ ಶುರುವಾಗುವುದು ಅಮೆರಿಕದ ರಾಷ್ಟ್ರಗೀತೆಯಿಂದ. ಅದರ ಎತ್ತರದ ಸ್ವರ ಬಂದಾಗ ಎಲ್ಲರೂ ತುಟಿ ಮಾತ್ರ ಆಡಿಸುತ್ತಾರೆ. ಆಮೇಲೆ ಜನಗಣಮನ, ಐವತ್ತೆರಡು ಸೆಕೆಂಡಿನಲ್ಲಿ ತಂಟೆ ತಕರಾರಿಲ್ಲದೆ ಮುಗಿಯುತ್ತದೆ. ತಕರಾರು ಇರುವುದು ಕುವೆಂಪು ಬರೆದ ನಾಡಗೀತೆಗೆ. ಒಂದು ಗುಂಪಿಗೆ ಮೈಸೂರು ಅನಂತಸ್ವಾಮಿಯವರ ಧಾಟಿ, ಇನ್ನೊಂದಕ್ಕೆ ಸಿ. ಅಶ್ವತ್ಥ್ ಅವರದು. ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷಕ್ಕೆ ಹಾಡಬೇಕೆಂದು 2022ರಲ್ಲಿ ಕರ್ನಾಟಕ ಸರ್ಕಾರವೇ ಆದೇಶ ಮಾಡಿತಾದರೂ ಆ ಆದೇಶಕ್ಕೆ ಅಟ್ಲಾಂಟಿಕ್ ದಾಟುವ ವೀಸಾ ಸಿಕ್ಕಿದಂತಿಲ್ಲ. ಎಡಗಡೆಯವರು ಒಂದು ಧಾಟಿಯಲ್ಲೂ ಬಲಗಡೆಯವರು ಇನ್ನೊಂದರಲ್ಲೂ ಹೊರಟು, ಕೊನೆಯ ಸಾಲಿನಲ್ಲಿ ಹೇಗೋ ಒಟ್ಟಿಗೆ ಬಂದು ನಿಲ್ಲುತ್ತಾರೆ.

ದೀಪ ಬೆಳಗಿಸಲು ಹಿರಿಯರು ಬೇಕು. ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿರುವ ಅಪ್ಪ ಇದ್ದೇ ಇದ್ದಾರಲ್ಲ. ಪಂಚೆ, ಸ್ವೆಟರ್, ಅದರ ಮೇಲೆ ಮಗನ ಆಫೀಸಿನ ಹೆಸರಿರುವ ಜಾಕೆಟ್. ಹಾಲ್‌ನಲ್ಲಿ ಬೆಂಕಿ ಹಚ್ಚಿದರೆ ಅಲಾರಾಂ ಕೂಗಿ ಫೈರ್ ಎಂಜಿನ್ನೇ ಬರುವುದರಿಂದ ದೀಪದ ಕಂಬದಲ್ಲಿ ಐದು ಬ್ಯಾಟರಿ ದೀಪಗಳು.

‘ಬತ್ತಿ ಎಲ್ಲಪ್ಪಾ?’

‘ಬತ್ತಿ ಇಲ್ಲ ಕಣಪ್ಪ, ಕೆಳಗಡೆ ಸ್ವಿಚ್ಚೈತೆ, ಒತ್ತು.’

‘ಇದೇನ್ಲಾ, ದೇವ್ರ ದೀಪಕ್ಕೂ ಸೆಲ್ಲಾ? ಇದಕ್ಕಾ ನನ್ನ ಅಷ್ಟು ದೂರದಿಂದ ಕರ್ಸಿದ್ದು?’

ಮೈಕ್ ಆನ್ ಆಗಿರುತ್ತದೆ. ಆ ದಿನದ ಭಾಷಣಗಳಲ್ಲಿ ಸಭೆ ಪೂರ್ತಿ ಗಮನವಿಟ್ಟು ಕೇಳುವುದು ಇದೊಂದನ್ನೇ.

ಉಳಿದ ಭಾಷಣಗಳ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಮನೆ ಮಾರಿಸುವ ಏಜೆಂಟರು ಪ್ರಾಯೋಜಕರು, ಆದ್ದರಿಂದ ಮೊದಲು ಅವರು ಕನ್ನಡಾಂಬೆಯ ಬಗ್ಗೆ ಎರಡು ಮಾತು, ಬಡ್ಡಿ ದರದ ಬಗ್ಗೆ ಇಪ್ಪತ್ತು ಮಾತು ಆಡುತ್ತಾರೆ. ಕೂಟದಣ್ಣ ಮಾತ್ರ ಪ್ರತಿವರ್ಷವೂ ‘ಅಮೆರಿಕದಲ್ಲಿ ಗೊರೂರು’ ಪುಸ್ತಕದ ಹೆಸರೆತ್ತುತ್ತಾನೆ. ನಮ್ಮ ಹಾಸನ ಜಿಲ್ಲೆಯವರು, ಹೇಮಾವತಿ ದಡದವರು, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅನ್ನುತ್ತಾನೆ. ಒಳಗಡೆ ಏನಿದೆ ಎಂದು ಒಮ್ಮೆ ಕೇಳಿದ್ದಕ್ಕೆ, ‘ಗೊರೂರರು ಬಂದ್ರು, ನೋಡಿದ್ರು, ವಾಪಸ್ ಹೋಗಿ ಬರೆದ್ರು. ನಾನು ವಾಪಸ್ ಹೋಗಿಲ್ವಲ್ಲ ಸಾರ್, ಓದಕ್ಕೆ ಟೈಮೆಲ್ಲಿ?’ ಅಂದ. ಈ ತರ್ಕಕ್ಕೆ ಉತ್ತರ ಹುಡುಕುವುದನ್ನು ನಾನು ಬಿಟ್ಟಿದ್ದೇನೆ.

ಇಷ್ಟೆಲ್ಲ ನಗಾಡಿದರೂ ಒಂದು ಮಾತು ಒಪ್ಪಬೇಕು. ಅವನು ನಡೆಸುತ್ತಿರುವುದು ರಾಜ್ಯೋತ್ಸವವೇ ಅಲ್ಲ, ಊರಹಬ್ಬ. ವಂತಿಗೆ ಎತ್ತುವುದು, ಕೊಡದವರ ಮನೆಗೆ ಮತ್ತೆ ಹೋಗುವುದು, ಮುನಿಸಿಕೊಂಡವರನ್ನು ಮೊದಲ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸುವುದು, ಲೆಕ್ಕ ತಪ್ಪಿದ ದುಡ್ಡನ್ನು ಹೆಂಡತಿಗೆ ಹೇಳದೆ ಕೈಯಿಂದ ತುಂಬುವುದು: ಈ ವಿದ್ಯೆಯನ್ನು ಯಾವ ಎಂಜಿನಿಯರಿಂಗ್ ಕಾಲೇಜೂ ಕಲಿಸಿರಲಿಲ್ಲ. ಊರಲ್ಲಿ ದೊಡ್ಡವರು ಮಾಡುತ್ತಿದ್ದುದನ್ನು ಗೋಲಿ ಆಡುತ್ತಲೇ ನೋಡಿಟ್ಟುಕೊಂಡಿದ್ದ. ಮುಂದಿನ ವರ್ಷ ಖಂಡಿತ ಈ ಕೆಲಸ ಬೇಡವೆಂದು ಆಣೆ ಮಾಡುತ್ತಾನೆ. ಬೇರೆ ಯಾರಾದರೂ ಕಾರ್ಯದರ್ಶಿಯಾಗಲು ಮುಂದೆ ಬಂದರೆ ಮಾತ್ರ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ.

ರಾತ್ರಿ ಹತ್ತಕ್ಕೆ ಹಾಲ್ ಖಾಲಿ ಮಾಡಿ, ಗುಡಿಸಿ, ಬೀಗದ ಕೈ ಒಪ್ಪಿಸದಿದ್ದರೆ ಠೇವಣಿ ಹಣ ವಾಪಸಿಲ್ಲ. ಮುನ್ನೂರು ಜನ ಉಂಡ ಮೇಲೆ ಕುರ್ಚಿ ಮಡಚಲು ಉಳಿಯುವವರು ಕೂಟದಣ್ಣ, ಅವನ ಹೆಂಡತಿ, ಜಾಕೆಟ್ ಹಾಕಿದ ಅಪ್ಪ, ಇನ್ನಿಬ್ಬರು. ಆದ್ದರಿಂದ ನವೆಂಬರ್‌ನಲ್ಲಿ ಮಗನದೋ ಮಗಳದೋ ಮನೆಗೆಂದು ಆ ಕಡೆ ಹೋಗುವವರಲ್ಲಿ ನನ್ನದೊಂದು ವಿನಂತಿ: ಊಟಕ್ಕೆ ಎಷ್ಟು ಜನ ಎಂದು ಅವನು ಕೇಳಿದಾಗ ಸರಿಯಾದ ಲೆಕ್ಕ ಕೊಡಿ, ಹೊರಡುವ ಮುಂಚೆ ನಾಲ್ಕು ಕುರ್ಚಿ ಮಡಚಿಡಿ. ಮುದ್ದೆ ತಿನ್ನಿ ಅಂತ ಬಲವಂತ ಮಾಡಿದರೆ ಮಾತ್ರ ಹೊಟ್ಟೆ ತುಂಬಿದೆ ಎನ್ನಿ.